ನೆಲ ನಿಜವಾಗಿಯೂ ಡೊಂಕಿತ್ತು

ಹತ್ತನೇ ತರಗತಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: ಈ ಗಾದೆ ಮಾತನ್ನು ವಿಸ್ತರಿಸಿ ಬರೆಯಿರಿ. ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.’ ಎಲ್ಲರಂತೆ ನಾನೂ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದು ಶುರುಮಾಡಿ, ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು ಮನುಷ್ಯನ ದುರ್ಗುಣ ಎಂದು ಬರೆದು, ಪೂರ್ತಿ ಅಂಕ ಪಡೆದಿದ್ದೆ. ಆ ಉತ್ತರ ತಪ್ಪು ಎಂದು ನನಗೆ ಗೊತ್ತಾಗಿದ್ದು ಮೊನ್ನೆ ಮೊನ್ನೆ, ವಾಡಿಯ ಒಂದು ಸ್ನೂಕರ್ ಪಾರ್ಲರಿನಲ್ಲಿ. ಆ ಅಂಕ ವಾಪಸ್ ಕೊಡಲು ನಾನು ಸಿದ್ಧ. ಉತ್ತರವನ್ನು ಮಾತ್ರ ಇನ್ನೊಮ್ಮೆ ಬರೆಯಲು ಬಿಡಿ.

ನಾನು ಪೂಲ್ ಆಡುತ್ತೇನೆ. ಚಾಂಪಿಯನ್ ಅಲ್ಲ, ಭಾನುವಾರದ ಆಟಗಾರ. ನಮ್ಮ ಗುಂಪಿನಲ್ಲಿ ಐದೂರಿನವರಿದ್ದೇವೆ. ಸೇಡಂ ಮತ್ತು ಚಿತ್ತಾಪುರದವರು ಒಂದು ಲೈನಿನ ರೈಲಿನಲ್ಲಿ, ಶಹಾಬಾದಿನವರು ಇನ್ನೊಂದು ಲೈನಿನ ರೈಲಿನಲ್ಲಿ ವಾಡಿ ಜಂಕ್ಷನ್ನಿಗೆ ಇಳಿಯುತ್ತಾರೆ. ಚಿಂಚೋಳಿಗೆ ಇನ್ನೂ ರೈಲಿಲ್ಲ. ಅಲ್ಲಿಯ ಗೆಳೆಯ ಬಸ್ಸು ಬದಲಿಸುತ್ತ ಬರುವಷ್ಟರಲ್ಲಿ ನಮ್ಮದು ಎರಡು ಆಟ ಮುಗಿದಿರುತ್ತದೆ. ‘ರೂಢಿ ಆಗ್ಯದ ಬಿಡ್ರಿ’ ಅನ್ನುತ್ತ ಅವನು ಚಾಕ್ ಹಚ್ಚುತ್ತಾನೆ.

ಪಾರ್ಲರಿನ ಗೋಡೆಗೆ ಏಳೆಂಟು ಕ್ಯೂಗಳು ಒರಗಿರುತ್ತವೆ. ನಮ್ಮ ಬಾಯಲ್ಲಿ ಅವು ಸ್ಟಿಕ್ಕು. (ಕ್ಯೂ ಅಂದರೆ ನಮ್ಮಲ್ಲಿ ಇನ್ನೂ ರೇಷನ್ ಅಂಗಡಿಯ ಮುಂದಿನ ಸಾಲೇ.) ಮೇ ತಿಂಗಳ ನಲವತ್ತು ದಾಟಿದ ಬಿಸಿಲಲ್ಲಿ, ಗೋಡೆಗೆ ಒರಗಿ ನಿಂತ ಯಾವ ಕಟ್ಟಿಗೆಯೂ ನೆಟ್ಟಗೆ ಉಳಿಯುವುದಿಲ್ಲ. ಮೇಜಿನ ಮೇಲಿಟ್ಟು ಉರುಳಿಸಿದರೆ ಅಷ್ಟೂ ಕ್ಯೂಗಳು ಕುಂಟುತ್ತಿದ್ದವು. ಆದರೂ ಪ್ರತಿಯೊಬ್ಬನಿಗೂ ತನ್ನದೇ ಆದ ಒಂದು ಡೊಂಕು ಕ್ಯೂ ಇತ್ತು. ನನ್ನದು ತುದಿಯಿಂದ ಒಂದು ಮೊಳದಷ್ಟು ಹಿಂದೆ ಬಾಗಿತ್ತು. ಬಾಗಿದ ಕಡೆ ಮೇಲಕ್ಕೆ ಬರುವಂತೆ ಹಿಡಿದು, ಬೇಕಾದ ಜಾಗಕ್ಕಿಂತ ಅರ್ಧ ಬೆರಳು ಎಡಕ್ಕೆ ಗುರಿಯಿಟ್ಟರೆ ಬಾಲು ಸರಿಯಾಗಿ ಪಾಕೆಟ್ಟಿಗೆ ಬೀಳುತ್ತಿತ್ತು. ಇದನ್ನು ಕಲಿಯಲು ನನಗೆ ನಾಲ್ಕು ವರ್ಷ ಹಿಡಿದಿತ್ತು. ನನ್ನ ಆಟ ಎಂದು ನಾನು ಹೆಮ್ಮೆಪಡುತ್ತಿದ್ದುದು ಇದನ್ನೇ.

ಕೊನೆಗೆ ದುಡ್ಡು ಕೂಡಿಸಿ, ಹೈದರಾಬಾದಿನಲ್ಲಿ ಕ್ಯೂ ಮಾಡುವವರೊಬ್ಬರ ಬಳಿ ನನ್ನದೇ ಒಂದು ಹೇಳಿ ಮಾಡಿಸಿದೆ. ಅವರು ಮೊದಲು ಕಟ್ಟಿಗೆ ತೋರಿಸಲಿಲ್ಲ, ನನ್ನನ್ನು ನೋಡಿದರು. ಎತ್ತರ ಕೇಳಿದರು. ತೋಳು ಚಾಚಲು ಹೇಳಿದರು. ಅಂಗೈ ಅಳೆದರು. ಬಾಲಿಗೆ ಹೊಡೆಯುವಾಗ ಮೊಣಕೈ ಎಲ್ಲಿರುತ್ತದೆ ಎಂದು ನಿಂತು ನೋಡಿದರು. ಪೂಲ್ ಕ್ಯೂ ಸಾಮಾನ್ಯವಾಗಿ 58 ಇಂಚು ಇರುತ್ತದೆ. ನಾನು ಗಿಡ್ಡ ಎಂದು ಒಂದು ಇಂಚು ಇಳಿಸಿದರು. ಕೈ ಸಣ್ಣದೆಂದು ಹಿಡಿಯುವ ಕಡೆ ದಪ್ಪ ಕಡಿಮೆ ಮಾಡಿದರು. ಮೇಪಲ್ ಕಟ್ಟಿಗೆ, ತೂಕ 540 ಗ್ರಾಮಿನ ಆಸುಪಾಸು, ತುದಿಗೆ ಹನ್ನೆರಡೂವರೆ ಮಿಲಿಮೀಟರಿನ ಚರ್ಮದ ಟಿಪ್. ಒಂದು ವಸ್ತು ಹೇಗಿರಬೇಕೆಂದು ನನ್ನ ದೇಹವನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಮೊದಲ ಮಾತು: ‘ಶೋಕಿ.’ ಸಿಮೆಂಟಿನ ಧೂಳು ತಿನ್ನುವ ಊರಲ್ಲಿ ಅಳತೆ ಕೊಟ್ಟು ಸ್ಟಿಕ್ಕು ಮಾಡಿಸುವುದೆಂದರೇನು! ಇದಕ್ಕೆ ನನ್ನ ಉತ್ತರ ಸರಳ. ಅಳತೆ ಕೊಟ್ಟು ಮಾಡಿಸುವುದು ಬೆಂಗಳೂರಿನಿಂದ ಬಂದ ಶೋಕಿಯಲ್ಲ, ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಬಡಿಗೇರರು ನೊಗ ಕಡೆಯುವಾಗ ಎತ್ತಿನ ಎತ್ತರ ನೋಡುತ್ತಿದ್ದರು, ಕೂರಿಗೆ ಮಾಡುವಾಗ ಹಿಡಿಯುವವನ ಎತ್ತರ ನೋಡುತ್ತಿದ್ದರು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ದುಡಿಯುವವನು ಸುತ್ತಿಗೆಯ ಕಾವನ್ನು ತನ್ನ ಕೈಗೆ ತಕ್ಕಂತೆ ಕೆತ್ತಿಕೊಳ್ಳುತ್ತಾನೆ, ಇನ್ನೊಬ್ಬನಿಗೆ ಕೊಡುವುದಿಲ್ಲ. ಅದನ್ನು ಯಾರೂ ಶೋಕಿ ಅನ್ನುವುದಿಲ್ಲ. ಚೆನ್ನಾಗಿ ಒಪ್ಪುವ ವಸ್ತುವಿಗೆ ಕನ್ನಡದಲ್ಲಿರುವ ಮಾತೇ ‘ಹೇಳಿ ಮಾಡಿಸಿದ ಹಾಗಿದೆ’ ಎಂಬುದು. ಎಲ್ಲರಿಗೂ ಒಂದೇ ಅಳತೆಯದನ್ನು ಕೊಟ್ಟು, ಒಗ್ಗದವನನ್ನು ದೂರುವುದು ಆಮೇಲೆ ಬಂದ ಪದ್ಧತಿ.

ಆದರೆ ಹೇಳಿ ಮಾಡಿಸಿದ್ದು ಮೊದಲ ದಿನವೇ ಒಪ್ಪಲಿಲ್ಲ. ಮೂರು ವಾರ ನಾನು ಕಣ್ಣು ಮುಚ್ಚಿ ಹೊಡೆದವನಂತೆ ಆಡಿದೆ. ಪಾಕೆಟ್ಟಿನ ಬಾಯಲ್ಲಿ ಕೂತಿದ್ದ ಬಾಲೂ ತಪ್ಪುತ್ತಿತ್ತು. ಪಾರ್ಲರ್ ನಡೆಸುವ ಕಾಕಾ ಕೌಂಟರಿನಿಂದಲೇ ಅಂದರು: ‘ಏನ್ ತಮ್ಮಾ, ಸ್ಟಿಕ್ ಹೊಸಾದು ತಂದಿ, ಆಟ ಎಲ್ಲಿಟ್ಟು ಬಂದಿ? ಕುಣೀಲಾಕ ಬರದಾಕಿ ನೆಲಾ ಡೊಂಕ ಅಂದ್ಳಂತ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಹಳೆಯ ಡೊಂಕು ಕ್ಯೂ ಕೈಗೆತ್ತಿಕೊಂಡೆ, ಬಾಲು ಸೀದಾ ಬಿತ್ತು. ಮತ್ತೆ ನಕ್ಕರು.

ಆಗಿದ್ದೇನೆಂದರೆ, ಪೂಲಿನಲ್ಲಿ ಬಿಳಿ ಬಾಲಿನ ನಡುಮಧ್ಯಕ್ಕೆ ಹೊಡೆದರೆ ಅದು ಕ್ಯೂ ಹೋದ ದಿಕ್ಕಿಗೇ ಹೋಗುತ್ತದೆ. ಸ್ಪಿನ್ ಬೇಕೆಂದು ಎಡಬದಿಗೆ ಹೊಡೆದರೆ ಬಾಲು ಚೂರು ಬಲಕ್ಕೆ ಸಿಡಿಯುತ್ತದೆ, ಬಲಬದಿಗೆ ಹೊಡೆದರೆ ಚೂರು ಎಡಕ್ಕೆ. ಎಷ್ಟು ಸಿಡಿಯುತ್ತದೆ ಎನ್ನುವುದು ಮುಖ್ಯವಾಗಿ ಕ್ಯೂನ ಮುಂದಿನ ಕೆಲವು ಇಂಚುಗಳ ಭಾರದ ಮೇಲಿದೆ. ತುದಿ ಭಾರವಾದಷ್ಟೂ ಸಿಡಿತ ಹೆಚ್ಚು. ಪಾರ್ಲರಿನ ಕ್ಯೂಗಳ ತುದಿ ದಪ್ಪ ಮತ್ತು ಭಾರ. ನನ್ನ ಹೊಸ ಕ್ಯೂನದು ಹಗುರ. ಹಳೆಯ ಕ್ಯೂನ ಸಿಡಿತಕ್ಕೂ ಬಾಗಿಗೂ ಸೇರಿಸಿ ನನ್ನ ಕಣ್ಣು ಕಲಿತಿದ್ದ ಅರ್ಧ ಬೆರಳಿನ ಲೆಕ್ಕ, ನೆಟ್ಟಗಿನ ಹಗುರ ಕ್ಯೂನಲ್ಲಿ ಪೂರ್ತಿ ತಪ್ಪಾಯಿತು. ಹೊಸ ಕ್ಯೂ ತಪ್ಪು ಮಾಡುತ್ತಿರಲಿಲ್ಲ. ಇಲ್ಲದ ತಪ್ಪನ್ನು ನಾನು ತಿದ್ದುತ್ತಿದ್ದೆ. ಡೊಂಕಿಗೆ ಒಗ್ಗಿದವನಿಗೆ ನೆಟ್ಟಗಿನದೇ ಡೊಂಕಾಗಿ ಕಾಣುತ್ತದೆ.

ಇಷ್ಟಾದರೂ ಒಂದು ಲೆಕ್ಕ ಹೊಂದುತ್ತಿರಲಿಲ್ಲ. ಸ್ಪಿನ್ ಇಲ್ಲದೆ ಮೆಲ್ಲಗೆ ಹೊಡೆದ ಬಾಲೂ ಒಂದು ಮೂಲೆಯ ಕಡೆ ಜಾರುತ್ತಿತ್ತು. ಇದನ್ನು ಹೇಳಿದಾಗಲೆಲ್ಲ ಗಾದೆಯೇ ಉತ್ತರ. ನಮ್ಮ ಗುಂಪಿನ ಒಬ್ಬರು ಮನೆಗಳಿಗೆ ಫರಸಿ ಹಾಸುವ ಕೆಲಸದವರು. ಒಂದು ಭಾನುವಾರ ಕೆಲಸ ಮುಗಿಸಿ ಸೀದಾ ಪಾರ್ಲರಿಗೆ ಬಂದಿದ್ದರು. ಚೀಲದಲ್ಲಿ ರಸಮಟ್ಟ ಇತ್ತು. ಮಾತಾಡದೆ ತೆಗೆದು ಮೇಜಿನ ಮೇಲಿಟ್ಟರು. ಗುಳ್ಳೆ ನಡುಗೆರೆ ಬಿಟ್ಟು ಒಂದು ಬದಿಗೆ ಹೋಗಿ ನಿಂತಿತು. ಮೇಜು ಡೊಂಕಿತ್ತು. ನಾವೆಲ್ಲ ಅದರ ಮೇಲೆ ವರ್ಷಗಟ್ಟಲೆ ಆಡಿದ್ದೆವು.

ಗಾದೆಯ ಮೇಲಿನ ನನ್ನ ಮೊದಲ ಆಕ್ಷೇಪ ಇಲ್ಲಿದೆ. ಆ ಹೆಣ್ಣುಮಗಳು ನೆಲ ಡೊಂಕು ಅಂದಳು, ಸರಿ. ಯಾರಾದರೂ ನೆಲ ನೋಡಿದರೇ? ಗಾದೆಯ ಕತೆಯಲ್ಲಿ ನೆಲವನ್ನು ಪರೀಕ್ಷಿಸಿದವರು ಒಬ್ಬರೂ ಇಲ್ಲ. ಅವಳಿಗೆ ಕುಣಿಯಲು ಬರುವುದಿಲ್ಲ ಎಂದು ಮೊದಲೇ ತೀರ್ಪಾಗಿದೆ, ಆದ್ದರಿಂದ ಅವಳು ಹೇಳಿದ್ದೆಲ್ಲ ನೆಪ. ಇದು ವೇದವಲ್ಲ, ವಿಚಾರಣೆಯಿಲ್ಲದ ಶಿಕ್ಷೆ. ರಸಮಟ್ಟ ಇಡುವ ಎರಡು ನಿಮಿಷದ ಕೆಲಸ ತಪ್ಪಿಸಿಕೊಳ್ಳಲು ಇಂಥ ಗಾದೆ ಬಹಳ ಅನುಕೂಲ.

ಈ ಅನುಕೂಲದ ಬೆಲೆ ನಮ್ಮ ಭಾಗದವರಿಗೆ ಚೆನ್ನಾಗಿ ಗೊತ್ತು. ನಮ್ಮ ಹುಡುಗರು ಫಲಿತಾಂಶದಲ್ಲಿ ಹಿಂದೆ ಬಿದ್ದಾಗ, ಸಂದರ್ಶನದಲ್ಲಿ ತಡವರಿಸಿದಾಗ, ಕೆಲಸ ಹುಡುಕಿ ಪುಣೆಗೋ ಹೈದರಾಬಾದಿಗೋ ಹೊರಟಾಗ, ರಾಜ್ಯದ ಇನ್ನೊಂದು ತುದಿಯಿಂದ ಬಂದ ಮಾತು ಇದೇ: ಅವರಿಗೆ ಕುಣಿಯಲು ಬರುವುದಿಲ್ಲ. ಕೊನೆಗೆ ಒಮ್ಮೆ ರಸಮಟ್ಟ ಇಟ್ಟವರು ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯವರು. 2002ರ ಅವರ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ ಸೇಡಂ ಇದೆ, ಚಿಂಚೋಳಿ ಇದೆ, ಚಿತ್ತಾಪುರ ಇದೆ. ಆಗ ವಾಡಿಯೂ ಶಹಾಬಾದೂ ಚಿತ್ತಾಪುರ ತಾಲ್ಲೂಕಿನಲ್ಲೇ ಇದ್ದವು. ಅಂದರೆ ನಮ್ಮ ಆಟದ ಗುಂಪಿನ ಐದೂರುಗಳೂ ಆ ಪಟ್ಟಿಯೊಳಗೇ. ಹತ್ತು ವರ್ಷದ ಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371ಜೆ ವಿಧಿ ಬಂತು. ಗುಳ್ಳೆ ಒಂದು ಬದಿಗೆ ನಿಂತಿದೆ ಎಂದು ದೇಶದ ಸಂವಿಧಾನವೇ ಬರೆದುಕೊಂಡ ಮೇಲೂ, ಮೀಸಲಾತಿಯ ಸೀಟು ಹಿಡಿದು ಬೆಂಗಳೂರಿಗೆ ಹೋದ ನಮ್ಮ ಹುಡುಗಿಗೆ ಹಾಸ್ಟೆಲಿನಲ್ಲಿ ಕೇಳುವ ಮಾತು ಬದಲಾಗಿಲ್ಲ.

ವಿಚಿತ್ರ ನೋಡಿ. ಶಹಾಬಾದಿನ ಫರಸಿ ದೇಶದ ಎಷ್ಟೋ ಮನೆ, ಶಾಲೆ, ರೈಲು ನಿಲ್ದಾಣಗಳಿಗೆ ನೆಲವಾಗಿದೆ. ವಾಡಿಯ, ಸೇಡಂನ, ಮಳಖೇಡದ ಸಿಮೆಂಟು ಅದರ ಕೆಳಗಿದೆ. ಊರೂರಿಗೆ ನೆಲ ಕಳಿಸಿದವರಿಗೇ, ನೆಲದ ಬಗ್ಗೆ ಮಾತಾಡಬೇಡಿ ಎಂಬ ಉಪದೇಶ!

ಉಪದೇಶದ ಇನ್ನೊಂದು ರೂಪ ‘ಸ್ವಲ್ಪ ಅಡ್ಜಸ್ಟ್ ಮಾಡಿ’. ಕನ್ನಡಿಗರ ಸದ್ಗುಣವೆಂದು ಇದನ್ನು ಹೊಗಳುವವರಿದ್ದಾರೆ. ಸೀಟಿನಲ್ಲಿ ಚೂರು ಸರಿದು ಇನ್ನೊಬ್ಬರಿಗೆ ಜಾಗ ಕೊಡುವುದು ಸದ್ಗುಣವೇ. ಆದರೆ ಒಗ್ಗಿಕೊಳ್ಳುವುದರಲ್ಲಿ ಎರಡು ಬಗೆಯಿದೆ ಎಂದು ನನಗೆ ಕಲಿಸಿದ್ದು ಈ ಕ್ಯೂ. ಡೊಂಕು ಕ್ಯೂಗೆ ಒಗ್ಗಲು ನಾಲ್ಕು ವರ್ಷ ಹಿಡಿಯಿತು. ಆ ನಾಲ್ಕು ವರ್ಷದ ವಿದ್ಯೆ ಆ ಒಂದು ಕೋಲಿನ ಹೊರಗೆ ಎಲ್ಲಿಯೂ ಉಪಯೋಗಕ್ಕೆ ಬರಲಿಲ್ಲ. ಕಲಬುರಗಿಯ ಪಾರ್ಲರಿಗೆ ಹೋದರೆ ನಾನು ಮತ್ತೆ ಮೊದಲಿಗ. ನೆಟ್ಟಗಿನ ಕ್ಯೂಗೆ ಒಗ್ಗಲು ಆರು ವಾರ ಸಾಕಾಯಿತು, ಆ ಕಲಿಕೆ ಯಾವ ಮೇಜಿಗೆ ಹೋದರೂ ಜೊತೆಗೆ ಬರುತ್ತದೆ. ಮೊದಲನೆಯದು ದೋಷಕ್ಕೆ ಶರಣಾಗುವುದು, ಎರಡನೆಯದು ಕಲಿಯುವುದು. ಎರಡಕ್ಕೂ ‘ರೂಢಿ’ ಎಂಬ ಒಂದೇ ಹೆಸರಿಟ್ಟು ನಾವು ಮೋಸಹೋಗಿದ್ದೇವೆ. ಚಿಂಚೋಳಿಯ ಗೆಳೆಯ ಮೂರು ತಾಸು ಮೊದಲೇ ಮನೆ ಬಿಡುವುದನ್ನು ರೂಢಿ ಮಾಡಿಕೊಂಡಿದ್ದಾನೆ. ಆ ಜಾಣತನಕ್ಕೆ ಅವನ ಊರಿನ ರಸ್ತೆಯ ಹೊರಗೆ ಬೆಲೆಯಿಲ್ಲ.

ಎದುರುವಾದ ನನಗೆ ಗೊತ್ತು. ಸ್ಟೀಫನ್ ಹೆಂಡ್ರಿ ಸ್ನೂಕರಿನಲ್ಲಿ ಏಳು ಸಲ ವಿಶ್ವ ಚಾಂಪಿಯನ್ ಆದದ್ದು ಹುಡುಗನಿದ್ದಾಗ ಕೊಂಡ ಒಂದು ಅಗ್ಗದ ಕ್ಯೂನಿಂದ, ಹಾಗಾದರೆ ಹೇಳಿ ಮಾಡಿಸುವುದೇಕೆ? ಹೆಂಡ್ರಿಯ ಕತೆ ನನ್ನ ಪರವಾಗಿಯೇ ಇದೆ. ಆ ಕ್ಯೂ ಅಗ್ಗದ್ದಿರಬಹುದು, ಆದರೆ ಅದು ಅವರದು, ಬೇರೆ ಯಾರೂ ಮುಟ್ಟದ್ದು. 2003ರಲ್ಲಿ ವಿಮಾನ ಪ್ರಯಾಣದಲ್ಲಿ ಅದು ಮುರಿದಾಗ, ಏಳು ಸಲದ ಚಾಂಪಿಯನ್ನಿಗೆ ಯಾರೂ ಗೋಡೆಗೊರಗಿದ ಕೋಲು ತೋರಿಸಿ ‘ಅಡ್ಜಸ್ಟ್ ಮಾಡ್ಕೊ’ ಅನ್ನಲಿಲ್ಲ, ಜಗತ್ತು ಅದನ್ನು ಸುದ್ದಿ ಮಾಡಿತು. ನಮ್ಮ ಪಂಕಜ್ ಅಡ್ವಾಣಿಯವರ ಪ್ರತಿಭೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಪ್ರತಿಭೆ ಬೆಳೆದದ್ದು ಬೆಂಗಳೂರಿನಲ್ಲಿ, ಅರವಿಂದ ಸವೂರರಂಥ ಗುರುವಿನ ಕೈಕೆಳಗೆ. ನನ್ನ ವಾದ ಬೆಲೆಯ ಬಗ್ಗೆ ಅಲ್ಲ. ದುಬಾರಿಯದು ಬೇಡ, ನೆಟ್ಟಗಿನದು ಬೇಕು.

ಇನ್ನೊಂದು ಎದುರುವಾದ ಹೆಚ್ಚು ಗಟ್ಟಿಯಾದದ್ದು: ದೋಷ ಹುಡುಕುತ್ತ ಕೂತರೆ ದುಡಿಯುವುದು ಯಾವಾಗ? ಇದನ್ನು ಕೇಳುವವರು ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಒಮ್ಮೆ ಬರಬೇಕು. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೇ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ. ಅದರ ಮೊದಲ ಪರಿಚ್ಛೇದದ ವಿಷಯವೇ ದೋಷ ಯಾವುದು, ಅದೋಷ ಯಾವುದು ಎಂಬ ನಿರ್ಣಯ. ಡೊಂಕನ್ನು ಡೊಂಕೆಂದು ಗುರುತಿಸುವುದು ಕೆಲಸ ತಪ್ಪಿಸುವ ನೆಪವಲ್ಲ, ಕೆಲಸದ ಮೊದಲ ಪರಿಚ್ಛೇದ ಎಂದು ಈ ನೆಲದವರಿಗೆ ಸಾವಿರದ ನೂರು ವರ್ಷದಿಂದ ಗೊತ್ತು.

ಈಗ ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕು. ಆರು ವಾರದ ಮೇಲೆ ಹೊಸ ಕ್ಯೂ ಕೈಗೆ ಕೂತಿತು. ಹಳೆಯ ಅರ್ಧ ಬೆರಳು ಕಣ್ಣಿನಿಂದ ಬಿಟ್ಟುಹೋಯಿತು. ಆದರೂ ಉದ್ದನೆಯ ಹೊಡೆತಗಳು ತಪ್ಪುತ್ತಲೇ ಇದ್ದವು. ಗೆಳೆಯ ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿದ: ಹೊಡೆಯುವ ಗಳಿಗೆಯಲ್ಲಿ ನನ್ನ ಮೊಣಕೈ ಹೊರಕ್ಕೆ ಹೋಗುತ್ತಿತ್ತು. ಈ ದೋಷ ಮೊದಲಿನಿಂದಲೂ ಇದ್ದಿರಬೇಕು. ಡೊಂಕು ಕ್ಯೂ ಅದನ್ನು ನಾಲ್ಕು ವರ್ಷ ಮುಚ್ಚಿಟ್ಟಿತ್ತು. ಗಾದೆ ಹೇಳುವವರು ಯೋಚಿಸದೆ ಬಿಟ್ಟದ್ದು ಇದನ್ನೇ. ಕುಣಿಯಲು ಬರುತ್ತದೋ ಇಲ್ಲವೋ ಎಂದು ಹೇಳಬೇಕಾದರೂ ಮೊದಲು ನೆಲ ಸಮ ಇರಬೇಕು. ಡೊಂಕು ನೆಲದ ಮೇಲೆ ಒಳ್ಳೆಯ ಕುಣಿತಗಾರ್ತಿಯೂ ಎಡವುತ್ತಾಳೆ, ಕೆಟ್ಟವಳಿಗೂ ನೆಪ ಸಿಗುತ್ತದೆ. ನೆಪ ಬೇಡವೆನ್ನುವವರು ನೆಲ ಸರಿಮಾಡಲಿ. ವಿದ್ಯಾರ್ಥಿಗಳಿಗೆ ನಾನು ಹೇಳುವುದು ಇಷ್ಟೇ: ಈ ಗಾದೆ ಪರೀಕ್ಷೆಯಲ್ಲಿ ಬಂದರೆ, ನೆಲವನ್ನು ಅಳೆದವರು ಯಾರು ಎಂಬ ಪ್ರಶ್ನೆಯಿಂದ ಉತ್ತರ ಶುರುಮಾಡಿ. ಒಂದು ಅಂಕ ಹೋದರೆ ಹೋಗಲಿ.

ರಸಮಟ್ಟ ಇಟ್ಟ ಮರುವಾರ ಪಾರ್ಲರಿಗೆ ಹೋದಾಗ ಕಾಕಾ ಮೇಜಿನ ಕೆಳಗೆ ಬಗ್ಗಿ ಕೂತಿದ್ದರು. ಫರಸಿಯ ಒಂದು ತೆಳುವಾದ ಚೂರನ್ನು ಮೂಲೆಯ ಕಾಲಿನ ಅಡಿ ಮೆಲ್ಲಗೆ ತಟ್ಟಿ ಕೂರಿಸುತ್ತಿದ್ದರು. ಮೇಲೆ ರಸಮಟ್ಟದ ಗುಳ್ಳೆ ನಿಧಾನಕ್ಕೆ ಸರಿದು ನಡುಗೆರೆಗೆ ಬಂತು. ಅವರು ಏನೂ ಮಾತಾಡಲಿಲ್ಲ, ಆಡು ಎಂದು ಕೈ ಮಾಡಿದರು. ನಾನು ಬಗ್ಗಿ, ನನ್ನ ಕ್ಯೂನಿಂದ, ಉದ್ದನೆಯ ಹೊಡೆತ ಹೊಡೆದೆ. ತಪ್ಪಿತು.

‘ಈಗ ತಪ್ಪು ನಿಂದೇ ಅದ ನೋಡು ತಮ್ಮಾ’ ಅಂದರು ಕಾಕಾ.

‘ಹೌದು ಕಾಕಾ, ಈಗ ನಂದೇ.’