ಸೂತ್ರವೂ ಪ್ರಯೋಗವೂ

ಆಡುವ ಮಾತನ್ನು ಸಂಗ್ರಹಿಸಿ ಇದ್ದುದನ್ನು ಇದ್ದಂತೆ ನಿರೂಪಿಸಬೇಕೆಂಬುದು ಭಾಷಾಧ್ಯಯನದಲ್ಲಿ ವರ್ಣನಾತ್ಮಕ ಪಕ್ಷ. 1933ರ ಬ್ಲೂಮ್‌ಫೀಲ್ಡರ ‘ಲ್ಯಾಂಗ್ವೇಜ್’ ಇದಕ್ಕೆ ಆಧಾರಗ್ರಂಥ. ವಾಕ್ಯಗಳನ್ನೆಲ್ಲ ನಿಷ್ಪಾದಿಸಬಲ್ಲ ಪರಿಮಿತ ಸೂತ್ರಗಳನ್ನು ಕಾಣಬೇಕೆಂಬುದು ರೂಪನಿಷ್ಠ ಪಕ್ಷ. 1957ರಿಂದೀಚೆಗೆ ಚಾಮ್‌ಸ್ಕಿಯವರಿಂದ ಅದು ಪ್ರಬಲವಾಯಿತು. ಇವೆರಡರ ಕಲಹವು ನಮ್ಮ ಶಾಸ್ತ್ರಪರಂಪರೆಗೆ ವಿಚಿತ್ರವಾಗಿ ತೋರುವುದು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಸಂಸ್ಕೃತವನ್ನು ಬಿಗಿದ ಪಾಣಿನಿಯೇ ಪೂರ್ವದೇಶದವರ, ಉತ್ತರದೇಶದವರ ರೂಪಭೇದಗಳನ್ನು ಹೆಸರಿಸಿ ಹೇಳಿದ್ದಾನೆ. ಶಬ್ದಗಳು ಕುಂಬಾರನ ಗಡಿಗೆಯಂತೆ ವೈಯಾಕರಣನ ಮನೆಯಲ್ಲಿ ಸಿದ್ಧವಾಗುವಂಥವಲ್ಲವೆಂಬುದು ಪತಂಜಲಿಯ ಅಭಿಪ್ರಾಯ. 13ನೆಯ ಶತಮಾನದ ಕೇಶಿರಾಜನೂ ಕವಿಪ್ರಯೋಗಗಳನ್ನು ನೋಡಿಯೇ ‘ಶಬ್ದಮಣಿದರ್ಪಣ’ವನ್ನು ರಚಿಸಿದನು.

ಈ ವಿವೇಕವು ತರಗತಿಯಲ್ಲಿ ಮಾತ್ರ ಕಾಣದು. ಧಾರವಾಡದ ಕಡೆಯ ಬಾಲಕನು ‘ಬರಾಕತ್ತಾನ’ ಎಂದು ಬರೆದರೆ ಕೆಂಪು ಮಸಿ ಕೂಡಲೇ ಹರಿಯುತ್ತದೆ. ಗ್ರಂಥಭಾಷೆಯಲ್ಲಿ ಅದು ಸಲ್ಲದು, ನಿಜ. ಆದರೆ ‘ಬರಲಿಕ್ಕೆ ಹತ್ತಿದ್ದಾನೆ’ ಎಂಬುದರ ಆ ಸಂಕ್ಷಿಪ್ತ ರೂಪವು ನಿಯಮಬಾಹಿರವಲ್ಲ. ‘ಮಾಡಾಕತ್ತಾನ’, ‘ನೋಡಾಕತ್ತಾನ’ ಎಂದು ಧಾತುವಿನಿಂದ ಧಾತುವಿಗೆ ಒಂದೇ ಕ್ರಮದಲ್ಲಿ ನಡೆಯುತ್ತದೆ. ಅದನ್ನು ಬರಿದೆ ‘ತಪ್ಪು’ ಎಂದು ಹೊಡೆದುಹಾಕುವ ಅಧ್ಯಾಪಕನು ಪ್ರಯೋಗವನ್ನೂ ಅರಿಯನು, ಸೂತ್ರವನ್ನೂ ಅರಿಯನು; ಬಾಲಕನಾದರೋ ತನ್ನ ತಾಯಿಯ ಮಾತಿಗೆ ನಾಚಲು ಕಲಿಯುವನು. ಪಕ್ಕದಲ್ಲಿ ‘ಬರುತ್ತಿದ್ದಾನೆ’ ಎಂದು ಬರೆದು, ಎರಡರ ರಚನೆಯನ್ನೂ ಬಿಡಿಸಿ ತೋರಿಸಲು ಅರ್ಧ ಗಳಿಗೆ ಸಾಕು.