ರೊಟ್ಟಿ ಮಾಡುವವಳ ಮಗಳು ಬರೆದ ಪ್ರಬಂಧ



ಆರನೆಯ ತರಗತಿಗೆ ‘ನಾನು ದೊಡ್ಡವನಾದ ಮೇಲೆ’ ಎಂಬ ಪ್ರಬಂಧ ಕೊಟ್ಟಿದ್ದೆವು. (ಈ ವಿಷಯ ಕೊಡದ ಕನ್ನಡ ಶಾಲೆ ಅಕ್ಕಲಕೋಟ ತಾಲೂಕಿನಲ್ಲಿ ಇರಲಿಕ್ಕಿಲ್ಲ!) 23 ಮಕ್ಕಳು ಬರೆದರು. ಪೊಲೀಸರು, ಡಾಕ್ಟರರು, ಮಿಲಿಟರಿಯವರು ತುಂಬ ಜನ. ನಮ್ಮ ಹಾಗೆ ಶಿಕ್ಷಕರಾಗುತ್ತೇವೆ ಎಂದವರು ಇಬ್ಬರು. ರೈತನಾಗುತ್ತೇನೆ ಎಂದವರು ಒಬ್ಬರೂ ಇಲ್ಲ. ಒಬ್ಬ ಹುಡುಗಿ ಮಾತ್ರ, “ಅವ್ವನ ಹಾಂಗ ಖಟಕ ರೊಟ್ಟಿ ಮಾಡಿ ಸೋಲಾಪುರಕ್ಕ ಕಳಸ್ತೀನಿ. ಹಿತ್ತಲದಾಗ ಪುಂಡಿಪಲ್ಯ ಹಾಕ್ತೀನಿ. ರೊಕ್ಕ ಕೂಡಿಸಿ ಹೊಲಾ ತಗೋತೀನಿ” ಎಂದು ಬರೆದಿದ್ದಳು. ಗಟ್ಟಿಯಾಗಿ ಓದಿದಾಗ ತರಗತಿ ನಕ್ಕಿತು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು.

ಆ ನಗು ನಮ್ಮನ್ನು ಎರಡು ದಿನ ಬಿಡಲಿಲ್ಲ. ಯಾಕೆಂದರೆ ಅದನ್ನು ಆ ಮಕ್ಕಳಿಗೆ ಕಲಿಸಿದವರೇ ನಾವು. “ಓದಲಿಲ್ಲಂದ್ರ ಹೊಲಕ್ಕ ಹೋಗ್ತಿ ನೋಡು”, “ಮಗ್ಗಿ ಬರಲಿಲ್ಲಂದ್ರ ರೊಟ್ಟಿ ಬಡೀತಿ ನೋಡು” ಎಂದು ಇಪ್ಪತ್ತು ವರ್ಷ ಹೆದರಿಸುತ್ತ ಬಂದಿದ್ದೇವೆ. ಹೊಲವನ್ನೂ ಒಲೆಯನ್ನೂ ಶಿಕ್ಷೆಯಾಗಿ ತೋರಿಸಿ, ಮಧ್ಯಾಹ್ನ ಡಬ್ಬಿ ಬಿಚ್ಚಿ ಅದೇ ರೊಟ್ಟಿ ತಿನ್ನುತ್ತೇವೆ.

ಆ ಹುಡುಗಿಯ ಮಾತನ್ನು ಸ್ವಲ್ಪ ನಿಂತು ನೋಡೋಣ. ನಮ್ಮ ಕಡೆಯ ತೆಳ್ಳಗಿನ ಖಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಯ ಜತೆ ಅದು ಸೋಲಾಪುರದಿಂದ ಪುಣೆ, ಮುಂಬಯಿಗೆ ಹೋಗುತ್ತದೆ. ಬಚತ ಗಟದ ಹೆಣ್ಣುಮಕ್ಕಳು ಕೂಡಿ ಮಾಡುತ್ತಾರೆ, ಒಬ್ಬೊಬ್ಬರೇ ಮಾಡುವವರೂ ಇದ್ದಾರೆ. ಮರುವಾರ ನಾವು ಗಣಿತದ ತಾಸಿಗೆ ಇದನ್ನೇ ಲೆಕ್ಕವಾಗಿ ಕೊಟ್ಟೆವು. ಒಂದು ಕಿಲೋ ಹಿಟ್ಟಿಗೆ ರೊಟ್ಟಿ ಎಷ್ಟು? ಗಿರಣಿಯ ಖರ್ಚು, ಕಟ್ಟಿಗೆ, ಬಸ್ ಚಾರ್ಜು ಕಳೆದರೆ ಉಳಿಯುವುದೆಷ್ಟು? ಯಾವತ್ತೂ ಹಿಂದಿನ ಬೆಂಚಿನಲ್ಲಿ ಕೂರುವ ಆ ಹುಡುಗಿ ಕರಿಹಲಗೆಗೆ ಬಂದು ಬಿಡಿಸಿದಳು. ಮುರಿದ ರೊಟ್ಟಿಯನ್ನು ಲೆಕ್ಕದಿಂದ ತೆಗೆಯಬೇಕೆನ್ನುವುದು ನಮಗೆ ಹೊಳೆದಿರಲಿಲ್ಲ. ಅವಳಿಗೆ ಗೊತ್ತಿತ್ತು!

ಆ ರೊಟ್ಟಿಯ ಹಿಂದೆ ಇರುವ ಜೋಳವೂ ನಮ್ಮ ಮಣ್ಣಿನದೇ. ದೇಶದ ಎಷ್ಟೋ ಕಡೆ ಹಿಂಗಾರಿಗೆ ಬಿತ್ತುವ ಎಂ 35-1 ತಳಿಯನ್ನು ನಮ್ಮ ಜಿಲ್ಲೆಯ ಮೋಹೋಳದಲ್ಲಿ, ಊರ ಮಾಲದಂಡಿ ಜೋಳದಿಂದಲೇ ಆರಿಸಿ ತೆಗೆದರು. ಎರೆಭೂಮಿಯಲ್ಲಿ ಉಳಿದ ಹಸಿಯ ಮೇಲೇ ಬರುವ ಬೆಳೆ ಅದು. ಕಾಳು ಮನುಷ್ಯರಿಗೆ, ಕಣಿಕೆ ದನಕ್ಕೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು. 2023 ವಿಶ್ವಸಂಸ್ಥೆ ಸಾರಿದ ಸಿರಿಧಾನ್ಯ ವರ್ಷವಾಯಿತು. ನಮ್ಮ ಶಾಲೆಯಲ್ಲೂ ಫಲಕ ಬರೆದು ಫೋಟೋ ತೆಗೆದು ಕಳಿಸಿದೆವು. ಫಲಕದ ಮುಂದೆ ನಿಂತ ಮಕ್ಕಳಲ್ಲಿ ಸೀತನಿ ಎಂದರೆ ಏನೆಂದು ಗೊತ್ತಿದ್ದವರು ಕಡಿಮೆ. ‘ಹುರಡಾ’ ಎಂದರೆ ಎಲ್ಲರಿಗೂ ಗೊತ್ತು, ಹುರಡಾ ಪಾರ್ಟಿಯ ಬೋರ್ಡು ರಸ್ತೆಬದಿಗೆ ಇರುತ್ತದಲ್ಲ! ಶಹರದವರು ದುಡ್ಡು ಕೊಟ್ಟು, ನಮ್ಮ ಹೊಲದಲ್ಲಿ ಕೂತು ನಮ್ಮ ಹಸಿ ತೆನೆಯ ಸುಟ್ಟ ಕಾಳು ತಿಂದು ಹೋಗುತ್ತಾರೆ. ಅದೂ ಒಂದು ದಾರಿಯೇ, ಬೇಡವೆನ್ನುವುದಿಲ್ಲ. ಆದರೆ ಅಕ್ಕಡಿ, ಹಗೇವು, ಚರಗ ಎಂಬ ಮಾತುಗಳು ಕನ್ನಡ ಶಾಲೆಯ ಮಕ್ಕಳ ಬಾಯಿಂದಲೇ ಹೋದರೆ ಯಾವ ಕನ್ನಡವನ್ನು ನಾವು ಉಳಿಸಿದ ಹಾಗಾಯಿತು?

ಇನ್ನು ‘ರೊಕ್ಕ ಕೂಡಿಸಿ ಹೊಲಾ ತಗೋತೀನಿ’ ಎಂಬ ಮಾತು. ಇಲ್ಲಿ ನಾವು ಮಕ್ಕಳಿಗೆ ಸುಳ್ಳು ಆಸೆ ತೋರಿಸಬಾರದು. ಆ ಹುಡುಗಿಯ ಮುತ್ತಜ್ಜ 1972ರ ಬರಗಾಲದ ಮೇಲೆ ಹೊಲ ಮಾರಿದನಂತೆ. ಅಪ್ಪ ಟಮ್‌ಟಮ್ ಓಡಿಸುತ್ತಾನೆ. ಮಹಾರಾಷ್ಟ್ರದ 1948ರ ಕುಳ ಕಾಯ್ದೆಯ ಪ್ರಕಾರ ರೈತನೂ ಅಲ್ಲದ, ಕೃಷಿ ಕೂಲಿಯೂ ಅಲ್ಲದ ಮನುಷ್ಯ ಪರವಾನಗಿ ಇಲ್ಲದೆ ಹೊಲ ಕೊಳ್ಳುವಂತಿಲ್ಲ. ಗಡಿಯ ಆಚೆ, ಕರ್ನಾಟಕದಲ್ಲಿ ಇಂಥದೇ ನಿರ್ಬಂಧವನ್ನು 2020ರಲ್ಲಿ ತೆಗೆದುಹಾಕಿದರು. (ಅದರಿಂದ ಬಡವನಿಗೆ ಹೊಲ ಸಿಕ್ಕಿತೋ, ಬೆಂಗಳೂರಿನ ಸಾಹುಕಾರನಿಗೋ? ನಮಗಂತೂ ಅನುಮಾನವಿದೆ.) ಇಲ್ಲಿ 2023ರ ಆಗಸ್ಟಿನಲ್ಲಿ ತುಕಡೆಯ ಕನಿಷ್ಠ ಮಿತಿಯನ್ನು ಜಿರಾಯತಿಗೆ 20 ಗುಂಟೆ, ಬಾಗಾಯತಿಗೆ 10 ಗುಂಟೆಗೆ ಇಳಿಸಿದರು. ಸಣ್ಣ ತುಂಡು ಕೊಳ್ಳಲು ಹಾದಿ ಕೊಂಚ ಅಗಲವಾಯಿತು ಎನ್ನಬಹುದು, ಆದರೆ ಸಾತ್‌ಬಾರಾ ಉತಾರೆಯಲ್ಲಿ ಮೊದಲೇ ಹೆಸರಿದ್ದವರಿಗೆ.

ಉಳಿಯುವುದು ಪಾಲು, ಲಾವಣಿ. ಬಾಯಿಮಾತಿನ ಲಾವಣಿ ಉತಾರೆಯ ಮೇಲೆ ಬರುವುದಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಜಿಲ್ಲೆಯಲ್ಲಿ ಬೆಳೆ ಕೊಳೆತಿತು. ಇಂಥ ಹೊತ್ತಿನಲ್ಲಿ ಬಿತ್ತಿದವನು ಒಬ್ಬ, ಪರಿಹಾರದ ಹಣ ಬರುವುದು ಉತಾರೆಯಲ್ಲಿ ಹೆಸರಿದ್ದ ಇನ್ನೊಬ್ಬನಿಗೆ. ಉತಾರೆ, ಫೇರಫಾರ, ವಿಮೆಯ ಅರ್ಜಿ ಎಲ್ಲ ಮರಾಠಿಯಲ್ಲಿ. ನಮ್ಮ ಎಂಟನೆಯ ತರಗತಿಯ ಮಕ್ಕಳು ಒಂದು ಉತಾರೆಯನ್ನು ಕೈಯಲ್ಲಿ ಹಿಡಿದು ಓದಿ, ಅಜ್ಜನಿಗೆ ಕನ್ನಡದಲ್ಲಿ ತಿಳಿಸಿ ಹೇಳುವಂತಾಗಬೇಕು. ಮರಾಠಿ ವಿಷಯದ ತಾಸಿನಲ್ಲಿ ಇದನ್ನು ಮಾಡಲು ಯಾವ ಆದೇಶವೂ ಬೇಕಿಲ್ಲ. ಸ್ವಂತ ಊರಿನ ಒಂದು ಉತಾರೆ ಸಾಕು.

ಹೊಲ ಸಿಗುವ ತನಕ ಹಿತ್ತಲು ಇದೆಯಲ್ಲ. ಶಾಲೆಗಳಲ್ಲಿ ಪೋಷಣೆಯ ತೋಟ ಮಾಡಬೇಕೆಂದು ಕೇಂದ್ರ ಸರಕಾರ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಜಾಗವಿಲ್ಲದಿದ್ದರೆ ಮಾಳಿಗೆಯ ಮೇಲೆ, ಕುಂಡದಲ್ಲಿ ಮಾಡಿ ಎಂದೂ ಹೇಳಿದೆ. ನಮ್ಮಲ್ಲಿ ಅದಕ್ಕೆ ‘ಪರಸಬಾಗ’ ಎನ್ನುತ್ತಾರೆ. ಮೊದಲ ವರ್ಷ ನಾವು ಮಾಡಿದ ತೋಟ ಫೋಟೋದ ತೋಟ: ಸಾಹೇಬರು ಬಂದು ಹೋದ ಹದಿನೈದು ದಿನಕ್ಕೆ ಒಣಗಿತು. ಟಮಾಟೆ, ಕೋಬಿ ಎಂದು ಪೇಟೆಯ ಬೀಜ ತಂದಿದ್ದೆವು, ಬೇಸಿಗೆಯ ನೀರಿನ ಯೋಚನೆಯನ್ನೇ ಮಾಡಿರಲಿಲ್ಲ. ಆಮೇಲೆ ಅಡುಗೆಯ ಅಕ್ಕನವರು ನಗುತ್ತ ಹೇಳಿದರು, “ಗುರುಜೀ, ಹುಡುಗ್ರು ಕೈ ತೊಳದ ನೀರ ಎಲ್ಲಿ ಹೋಗ್ತದ ನೋಡ್ರಿ, ಅಲ್ಲಿ ಹಾಕ್ರಿ.” ಅಲ್ಲಿ ಪುಂಡಿ, ರಾಜಗಿರಿ, ಚವಳಿ, ಬೇಲಿಗೆ ಒಂದು ಹೀರೆಬಳ್ಳಿ, ಮೂಲೆಗೆ ನುಗ್ಗೆ ಹಾಕಿದೆವು. ಬೀಜ ಮನೆಮನೆಯಿಂದ ಬಂತು, ಬೂದಿ ಹಚ್ಚಿಟ್ಟಿದ್ದ ಬೀಜ. ಈಗ ವಾರಕ್ಕೊಂದು ದಿನವಾದರೂ ಊಟಕ್ಕೆ ಶಾಲೆಯದೇ ಪಲ್ಯ.

ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲೂಕಿನ ರಾಹೀಬಾಯಿ ಪೋಪೆರೆ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮನೆಯಲ್ಲಿ ನಾಟಿ ಬೀಜ ಕೂಡಿಡುತ್ತ ಬೀಜದ ಬ್ಯಾಂಕೇ ಮಾಡಿದರು, 2020ರಲ್ಲಿ ಪದ್ಮಶ್ರೀ ಬಂತು. ಸೋಲಾಪುರಕ್ಕೆ ಬಸ್ಸಿನಲ್ಲಿ ಹೋಗುವಾಗ ಕುಂಭಾರಿ ಬರುತ್ತದೆ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 2006ರಲ್ಲಿ ಗೋದುತಾಯಿ ಪರುಳೇಕರ ವಸಾಹತಿನ ಹತ್ತು ಸಾವಿರ ಮನೆಗಳಾದದ್ದು ಅಲ್ಲಿಯೇ. ಅಂಥ ಮನೆಗಳ ಬಾಗಿಲಲ್ಲೂ ಎಣ್ಣೆ ಡಬ್ಬಿಯಲ್ಲಿ ಕೊತ್ತಂಬರಿ, ಮೆಣಸಿನಗಿಡ ಕಾಣುತ್ತವೆ. ನೀರಿಗಾಗಿ ದಿನ ಎಣಿಸಿದ ಶಹರದಲ್ಲಿ ಅವನ್ನು ಬದುಕಿಸಿದವರಿಗೆ ಯಾವ ತರಬೇತಿ ಕೊಟ್ಟವರಿದ್ದರು?

ಒಬ್ಬ ಪಾಲಕರು ನಮ್ಮನ್ನು ಹಿಡಿದು ನಿಲ್ಲಿಸಿ ಕೇಳಿದರು: “ಗುರುಜೀ, ನಮ್ಮ ಮಗಳನ್ನ ಶಾಲೀಗೆ ಗಿಡಕ್ಕ ನೀರ ಹಾಕ್ಲಿಕ್ಕ ಕಳಸೇವೇನ್ರಿ? ನಿಮ್ಮ ಮಕ್ಕಳು ಎಲ್ಲಿ ಓದ್ತಾರ?” ನಮ್ಮಲ್ಲಿ ಕೆಲವರ ಮಕ್ಕಳು ಸೋಲಾಪುರದ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಉತ್ತರ ಕೊಡಲಾಗದೆ ಸುಮ್ಮನಾದೆವು. ಅವರ ಸಿಟ್ಟು ನ್ಯಾಯದ್ದು. ಗುದ್ದಲಿ ಯಾವಾಗಲೂ ಅದೇ ನಾಲ್ಕು ಮನೆಯ ಮಕ್ಕಳ ಕೈಗೆ, ಕಸಬರಿಗೆ ಯಾವಾಗಲೂ ಹುಡುಗಿಯರ ಕೈಗೆ ಹೋದರೆ ಅದು ಪಾಠವಾಗುವುದಿಲ್ಲ, ಬಿಟ್ಟಿ ಚಾಕರಿಯಾಗುತ್ತದೆ. ಅಂದಿನಿಂದ ಹಾಜರಿ ಪಟದ ಕ್ರಮದಲ್ಲೇ ಪಾಳಿ ಹಾಕಿದ್ದೇವೆ. ಶಿಕ್ಷಕರಿಗೂ ಪಾಳಿ ಇದೆ, ಶನಿವಾರ.

ಒಂದು ಶನಿವಾರ ಆ ಹುಡುಗಿಯ ತಾಯಿಯನ್ನು ಶಾಲೆಗೆ ಕರೆದೆವು. ಮೊದಲು ಬರಲು ಒಲ್ಲೆ ಎಂದರು, “ನನಗ ಓದಾಕ ಬರೂದಿಲ್ಲ, ನಾ ಏನ್ ಹೇಳ್ಲಿ” ಎಂದು. ಬಂದು ಹಿಟ್ಟಿಗೆ ಕುದಿನೀರು ಹಾಕಿ ನಾದಿ, ಕೊಣಮಿಗೆಯಲ್ಲಿ ಬಡಿದು ತೋರಿಸಿದರು. ಮೊದಲ ಪಾಳಿ ಹುಡುಗರದು. ಅಂದು ಜೋರಾಗಿ ನಕ್ಕಿದ್ದ ಹುಡುಗನ ರೊಟ್ಟಿ ಮೂರು ಸಲ ಹರಿಯಿತು, ನಾಲ್ಕನೆಯದು ಹಂಚಿಗೆ ಬಿತ್ತು. ನಮ್ಮ ಮುಖ್ಯಾಧ್ಯಾಪಕರದು ಕೊನೆಗೂ ಬೀಳಲಿಲ್ಲ.

ಪುಂಡಿ, ಚವಳಿ ಬೀಜ ಈ ಸಲ ನಮ್ಮಲ್ಲಿ ಹೆಚ್ಚಾಗಿವೆ. ಅಕ್ಕಲಕೋಟ, ದಕ್ಷಿಣ ಸೋಲಾಪುರ ತಾಲೂಕಿನ ಯಾವ ಕನ್ನಡ ಶಾಲೆಗೆ ಬೇಕಾದರೂ ಬಂದು ಒಯ್ಯಿರಿ. ಬರುವಾಗ ಅವರೆ ಬೀಜ ಇದ್ದರೆ ಒಂದು ಹಿಡಿ ತನ್ನಿ, ನಮ್ಮದು ಹುಳ ಹಿಡಿಯಿತು.