ಕಾಲು ಶತಮಾನದ ಕೋಡ್: ಷರತ್ತು ಉಳಿಯಿತು, ಕಾರಣ ಎಲ್ಲಿ?

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಈಗ ಹೆಚ್ಚಿನವರಿಗೆ ಕೆಐಎಡಿಬಿ ಕೈಗಾರಿಕಾ ಪ್ರದೇಶವೆಂದೇ ಪರಿಚಿತ. ಇಂಥ ಊರಿನ ಸುತ್ತಮುತ್ತ ಜಮೀನು ಕೈಬದಲಾಗುವಾಗ ಪ್ರಶ್ನೆಗಳು ಸಾಲುಗಟ್ಟುತ್ತವೆ. ಇದು ಸರ್ಕಾರ ಮಂಜೂರು ಮಾಡಿದ ಜಮೀನೇ? ಹೌದಾದರೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆಯೇ? ಅನ್ವಯಿಸಿದರೆ ಪರಭಾರೆಗೆ ಸರ್ಕಾರದ ಅನುಮತಿ ಇದೆಯೇ? ಭೂಸ್ವಾಧೀನದ ಅಧಿಸೂಚನೆ ಆಗಿದೆಯೇ? ಇವನ್ನೆಲ್ಲ ಕಂಪ್ಯೂಟರ್‌ಗೆ ಹೇಳಿಕೊಡಲು ಹೊರಟರೆ ಒಂದು ‘ಇಫ್’ (ಹೀಗಿದ್ದರೆ) ಷರತ್ತಿನ ಒಳಗೆ ಇನ್ನೊಂದು, ಅದರೊಳಗೆ ಮತ್ತೊಂದು ಸೇರಿಕೊಳ್ಳುತ್ತದೆ.

ಕರ್ನಾಟಕದ ಭೂದಾಖಲೆ ಗಣಕೀಕರಣಕ್ಕೆ ಕಾಲು ಶತಮಾನ ತುಂಬಿದೆ. ಎನ್‌ಐಸಿ ರೂಪಿಸಿದ ‘ಭೂಮಿ’ ತಂತ್ರಾಂಶ 2002ರ ಹೊತ್ತಿಗೆ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರ್‌ಗೆ ತಂದಿತ್ತು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಪಹಣಿ ಕೈಗೆ ಬರುವಂತಾದದ್ದು ನಿಜಕ್ಕೂ ದೊಡ್ಡ ಸಾಧನೆ. ಆಮೇಲೆ ನೋಂದಣಿಗೂ ತಂತ್ರಾಂಶ ಬಂತು. 2007ರಲ್ಲಿ ಗೌರಿಬಿದನೂರೂ ಸೇರಿದಂತೆ ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆ ಜಿಲ್ಲೆಯಾಯಿತು. ಕಾನೂನುಗಳೂ ಬದಲಾದವು.

ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನೇ ನೋಡಿ. ಕೃಷಿಯೇತರ ಆದಾಯ ಒಂದು ಮಿತಿ ದಾಟಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. 2015ರಲ್ಲಿ ಆ ಮಿತಿ 2 ಲಕ್ಷದಿಂದ 25 ಲಕ್ಷಕ್ಕೆ ಏರಿತು. 2020ರಲ್ಲಿ ಕಲಮುಗಳೇ ರದ್ದಾದವು. ಈ ಪರಿಶೀಲನೆಯನ್ನು ಪ್ರೋಗ್ರಾಮಿನಲ್ಲಿ ಬರೆದವರು ‘ಆದಾಯ 200000ಕ್ಕಿಂತ ಹೆಚ್ಚಿದ್ದರೆ’ ಎಂದಷ್ಟೇ ಬರೆದು ಬಿಟ್ಟಿದ್ದರೆ, ಹತ್ತು ವರ್ಷದ ನಂತರ ಬಂದವರಿಗೆ ಆ ಅಂಕಿ ಎಲ್ಲಿಯದೆಂದು ತಿಳಿಯುವ ದಾರಿಯೇ ಇಲ್ಲ. ಅದರ ತಲೆಯ ಮೇಲೆ ‘ಆದಾಯ ಪರಿಶೀಲಿಸುತ್ತದೆ’ ಎಂಬ ಟಿಪ್ಪಣಿ ಇದ್ದರೂ ಉಪಯೋಗವಿಲ್ಲ. ಅದನ್ನು ಕೋಡೇ ಹೇಳುತ್ತಿದೆ. ಬೇಕಾದದ್ದು ಇಷ್ಟು: ‘ಕಲಂ 79ಎ ಪ್ರಕಾರ, ಮಿತಿ ಬದಲಾದರೆ ಇಲ್ಲಿ ತಿದ್ದಿ, ಕಲಂ ರದ್ದಾದರೆ ಈ ಇಫ್ ತೆಗೆಯಿರಿ, ಆದರೆ ಒಳಗಿರುವ ಪಿಟಿಸಿಎಲ್ ಪರಿಶೀಲನೆ ಉಳಿಯಬೇಕು.’ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಹೊರಗಿನ ಷರತ್ತು ಕಿತ್ತಾಗ ಒಳಗಿನದೂ ಕಿತ್ತುಹೋದರೆ ನಷ್ಟ ಆಗುವುದು ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ.

ಈ ಕಷ್ಟ ಹೊಸದಲ್ಲ. 1959ರಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ ಕೋಬಾಲ್‌ನಲ್ಲಿ ಬಹುಕಾಲ ಒಂದು ಚುಕ್ಕಿಯೇ ‘ಇಫ್’ಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಿತ್ತು. ಚುಕ್ಕಿ ಒಂದು ಸಾಲು ಮೇಲೆ ಬಿದ್ದರೆ ಅರ್ಥವೇ ಬೇರೆ. ‘ಎಂಡ್-ಇಫ್’ ಬಂದದ್ದು 1985ರ ಆವೃತ್ತಿಯಲ್ಲಿ. ಅದು ಬಂದರೂ ಪುಟದ ಕೊನೆಯಲ್ಲಿ ನಾಲ್ಕು ‘ಎಂಡ್-ಇಫ್’ ಒಂದರ ಕೆಳಗೊಂದು ನಿಂತಾಗ ಯಾವುದು ಯಾರದೆಂದು ಕಣ್ಣಿಗೆ ಹೊಳೆಯುವುದಿಲ್ಲ. ಪ್ರತಿಯೊಂದರ ಪಕ್ಕ ‘ಮಂಜೂರು ಜಮೀನು ಮುಗಿಯಿತು’, ‘ಅನುಮತಿ ಮುಗಿಯಿತು’ ಎಂದು ಬರೆಯುವುದು ಹಳಬರ ರೂಢಿ. ಅದನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬಾರದು. ಪ್ರತಿ ‘ಎಲ್ಸ್’ (ಇಲ್ಲದಿದ್ದರೆ) ಎದುರಿಗೂ ಇಲ್ಲಿಗೆ ಬರುವವರು ಯಾರೆಂದು ಒಂದು ಸಾಲಿರಲಿ.

ಟಿಪ್ಪಣಿ ಬೇಡ, ಕೋಡನ್ನೇ ತಿದ್ದಿ ಬರೆಯಿರಿ ಎನ್ನುವವರಿದ್ದಾರೆ. ತಾತ್ವಿಕವಾಗಿ ಅವರ ಮಾತು ಸರಿ. ಸಣ್ಣ ಫಂಕ್ಷನ್‌ಗಳಾಗಿ ಒಡೆದು, ಹೊಂದದ ಪ್ರಕರಣಗಳನ್ನು ಆರಂಭದಲ್ಲೇ ಹೊರಗೆ ಕಳಿಸಿದರೆ ಅರ್ಧ ಗೋಜಲು ತಾನೇ ಕರಗುತ್ತದೆ. ಆದರೆ ಪರೀಕ್ಷೆಗಳೇ ಬರೆದಿರದ, ದಿನವೂ ಸಾವಿರಾರು ಜನರಿಗೆ ದಾಖಲೆ ಕೊಡುತ್ತಿರುವ ಹಳೆಯ ಪ್ರೋಗ್ರಾಮನ್ನು ಒಮ್ಮೆಲೇ ಬಿಚ್ಚುವುದು ಅಪಾಯ. ಮೊದಲು ಟಿಪ್ಪಣಿ, ಆಮೇಲೆ ಪರೀಕ್ಷೆ, ಕೊನೆಗೆ ತಿದ್ದುಪಡಿ. ತಿದ್ದಿದ ದಿನ ಟಿಪ್ಪಣಿಯನ್ನೂ ತಿದ್ದಬೇಕು. ಕೋಡ್ ಒಂದು, ಟಿಪ್ಪಣಿ ಇನ್ನೊಂದು ಹೇಳಿದರೆ ಟಿಪ್ಪಣಿ ಇಲ್ಲದಿರುವುದೇ ವಾಸಿ.

ತಂತ್ರಾಂಶ ಮಾಡಿಸುವ ಇಲಾಖೆಗಳಲ್ಲಿ ನಮ್ಮದೊಂದು ಕೋರಿಕೆ. ಮುಂದಿನ ಟೆಂಡರ್‌ನಲ್ಲಿ ಒಂದು ಸಾಲು ಸೇರಿಸಿ: ಕಾನೂನಿನಿಂದ ಬಂದ ಪ್ರತಿ ಷರತ್ತಿನ ಮೇಲೂ ಕಲಂ, ಸುತ್ತೋಲೆಯ ಸಂಖ್ಯೆ ಮತ್ತು ದಿನಾಂಕ ಇರಲೇಬೇಕು; ಇಲ್ಲದಿದ್ದರೆ ಬಿಲ್ ಪಾಸಾಗಕೂಡದು.